ಕಾರ್ಡಿನ ಬಿಲ್ಲು ತೊಗರಿ ರಾಶಿಗೆ ಕಾಯುವುದಿಲ್ಲ

ಕೂಪನ್ ಮೇಲೆ ಕಾರ್ಡ್ ಆಫರ್, ಅದರ ಮೇಲೆ ಕ್ಯಾಶ್‌ಬ್ಯಾಕ್ ಸೇರಿಸಿ ಆನ್‌ಲೈನ್‌ನಲ್ಲಿ ಸಾಮಾನು ಅಗ್ಗಕ್ಕೆ ತರಿಸುವುದು ಈಗ ನಮ್ಮ ಕಾಲೇಜಿನಲ್ಲಿ ಒಂದು ವಿದ್ಯೆಯೇ ಆಗಿದೆ. ಇಜೇರಿಯವರಿರಲಿ, ಜೇವರ್ಗಿಯವರಿರಲಿ, ಮೊಬೈಲ್ ಇದ್ದವರ ಹತ್ತಿರ ಎರಡು ಮೂರು ಖರೀದಿ ಆ್ಯಪ್ ಇದ್ದೇ ಇರುತ್ತವೆ. ಈ ವಿದ್ಯೆಯನ್ನು ನಾನು ಹೀಗಳೆಯುವುದಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವ ಅಮ್ಮಂದಿರು, ತೂಕವಾದ ಮೇಲೆ ಒಂದು ಹಿಡಿ ಕೊಸರು ಕೇಳುವ ಅಜ್ಜಿಯರು ಮಾಡುವುದೂ ಇದನ್ನೇ. ಆದರೆ ಕೊಸರಿನ ಆಸೆಗೆ ಅಜ್ಜಿ ಯಾರ ಹತ್ತಿರವೂ ಸಾಲ ಮಾಡಲಿಲ್ಲ. ನನ್ನ ಅಭಿಪ್ರಾಯ ಇಷ್ಟೆ: ಬೇಕಾದ ಸಾಮಾನಿಗೆ, ಕೈಯಲ್ಲಿರುವ ರೊಕ್ಕದಿಂದ ಆಫರ್ ಕೂಡಿಸೋಣ. ಇನ್ನೊಬ್ಬರ ಕ್ರೆಡಿಟ್ ಕಾರ್ಡ್ ಕೇಳಿ ಪಡೆಯುವ ರಿಯಾಯಿತಿ ಉಳಿತಾಯವಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ಕಾಲೇಜು ಬ್ಯಾಗಿನ ಎಂಆರ್‌ಪಿ 1,500 ರೂಪಾಯಿ ಎಂದುಕೊಳ್ಳಿ. ಆ್ಯಪ್‌ನಲ್ಲಿ ಅದು 1,000ಕ್ಕೆ ಸಿಗುತ್ತದೆ. ಕೂಪನ್ ಶೇ 10, ಕಾರ್ಡ್ ಆಫರ್ ಶೇ 10, ಕ್ಯಾಶ್‌ಬ್ಯಾಕ್ ಶೇ 5. ನಮ್ಮ ಗೆಳೆಯರು ಇವನ್ನೆಲ್ಲ ಕೂಡಿಸಿ "ಶೇ 58 ಕಡಿಮೆಗೆ ಬಂತು" ಎನ್ನುತ್ತಾರೆ. ಆದರೆ ರಿಯಾಯಿತಿಗಳು ಕೂಡುವುದಿಲ್ಲ, ಒಂದಾದ ಮೇಲೊಂದು ಕಳೆಯುತ್ತ ಹೋಗುತ್ತವೆ. 1,000ದಲ್ಲಿ ಕೂಪನ್ ಕಳೆದರೆ 900, ಆ 900ರಲ್ಲಿ ಕಾರ್ಡ್ ಆಫರ್ ಕಳೆದರೆ 810. ಎರಡು ಸಲ ಶೇ 10 ಎಂದರೆ ಶೇ 19, ಶೇ 20 ಅಲ್ಲ. ಕ್ಯಾಶ್‌ಬ್ಯಾಕಿನ 40 ರೂಪಾಯಿ ಚಿಲ್ಲರೆ ಪಾಯಿಂಟ್ ಆಗಿ ಬಂದರೆ, ಅದು ಮತ್ತೆ ಅಲ್ಲೇ ಖರೀದಿಸಿದಾಗ ಮಾತ್ರ ರೊಕ್ಕ. ಅವಧಿ ಮುಗಿದರೆ ಅದೂ ಇಲ್ಲ. ಇನ್ನು ಡೆಲಿವರಿ ಶುಲ್ಕ 40 ರೂಪಾಯಿ ಸೇರಿದರೆ ನಾವು ಕೊಟ್ಟದ್ದು 850. ಅದೇ ಬ್ಯಾಗು ಜೇವರ್ಗಿಯ ಅಂಗಡಿಯಲ್ಲಿ 850ಕ್ಕೆ ಸಿಗುವಂತಿದ್ದರೆ ಇಷ್ಟೆಲ್ಲ ಕಸರತ್ತಿನಿಂದ ಉಳಿದದ್ದು ಸೊನ್ನೆ. ಹೋಲಿಸಬೇಕಾದದ್ದು ಎಂಆರ್‌ಪಿಯ ಜೊತೆಗಲ್ಲ, ಅಂಗಡಿಯವರು ನಿಜವಾಗಿ ಕೊಡುವ ಬೆಲೆಯ ಜೊತೆಗೆ.

ಎರಡನೆಯದು ಕನಿಷ್ಠ ಖರೀದಿಯ ಷರತ್ತು. "999 ರೂಪಾಯಿಗೆ ಖರೀದಿಸಿದರೆ 100 ರೂಪಾಯಿ ಕಡಿತ" ಎಂದಿರುತ್ತದೆ. ನಮಗೆ ಬೇಕಾದದ್ದು 700 ರೂಪಾಯಿಯ ಸಾಮಾನು. ಕಡಿತದ ಆಸೆಗೆ ಬೇಡವಾದ 299 ರೂಪಾಯಿಯದನ್ನು ಸೇರಿಸಿ 899 ಕೊಡುತ್ತೇವೆ. 100 ಉಳಿಯಿತು ಎಂದು ಖುಷಿಪಡುವ ಹೊತ್ತಿಗೆ ಕಿಸೆಯಿಂದ 199 ಹೆಚ್ಚು ಹೋಗಿರುತ್ತದೆ. ಹೀಗೆ ದುಂದು ಮಾಡಿಸುವ ಉಪಾಯಗಳು ಇನ್ನೂ ಇವೆ. "ಇನ್ನು ಐದೇ ನಿಮಿಷ" ಎಂಬ ಸುಳ್ಳು ಅವಸರ, ಕೇಳದೇ ಬುಟ್ಟಿಗೆ ಏನನ್ನೋ ಸೇರಿಸುವುದು, ಶುಲ್ಕವನ್ನು ಕೊನೆಯ ಪುಟದಲ್ಲಿ ಮಾತ್ರ ತೋರಿಸುವುದು ಇತ್ಯಾದಿ. ಇಂಥ 13 ಬಗೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ. ಇಂಥದ್ದು ಕಂಡರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡ ರಿಯಾಯಿತಿಗಳು ಹೆಚ್ಚಾಗಿ ಕ್ರೆಡಿಟ್ ಕಾರ್ಡಿನ ಮೇಲೆ ಇರುತ್ತವೆ. ನಮ್ಮಲ್ಲಿ ಬಹುತೇಕರಿಗೆ 18 ತುಂಬಿಲ್ಲ, ತುಂಬಿದವರಿಗೆ ಸಂಪಾದನೆ ಇಲ್ಲ, ಹಾಗಾಗಿ ಕಾರ್ಡೂ ಇಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನಿಗೆ "ಭಾಯಿ, ಓಟಿಪಿ ಹೇಳ್ರಿ" ಎಂದು ಫೋನ್ ಹೋಗುತ್ತದೆ. ಇಲ್ಲವೇ ನಮ್ಮ ಉಪನ್ಯಾಸಕರ ಹತ್ತಿರ ಹೋಗಿ ನಿಲ್ಲುತ್ತೇವೆ. ಸಾಮಾನು ಬರುವುದು ನಮಗೆ, ಸಾಲ ಬೀಳುವುದು ಅವರಿಗೆ. ಸಾಮಾನು ವಾಪಸ್ ಕಳಿಸಿದರೆ ರೊಕ್ಕ ಮರಳುವುದೂ ಅವರ ಕಾರ್ಡಿಗೇ. ಕೊಟ್ಟದ್ದೆಷ್ಟು, ಬಂದದ್ದೆಷ್ಟು ಎಂಬ ಮಾತು ಅಣ್ಣತಮ್ಮಂದಿರ ನಡುವೆ ಬರಬಾರದು, ಆದರೆ ಬರುತ್ತದೆ.

ನಮ್ಮ ಭಾಗದವರಿಗೆ ಇನ್ನೂ ಒಂದು ತೊಡಕಿದೆ. ನಮ್ಮ ಮನೆಗಳಿಗೆ ರೊಕ್ಕ ಬರುವುದು ಮುಖ್ಯವಾಗಿ ತೊಗರಿಯಿಂದ. ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿ ಹೊತ್ತಿಗೆ. ಆನ್‌ಲೈನ್ ಕಂಪನಿಗಳ ದೊಡ್ಡ ಸೇಲ್ ಬರುವುದು ದಸರಾ, ದೀಪಾವಳಿ ಹೊತ್ತಿಗೆ. ಫ್ಲಿಪ್‌ಕಾರ್ಟ್ ತನ್ನ ಮೊದಲ ಬಿಗ್ ಬಿಲಿಯನ್ ಡೇ ನಡೆಸಿದ್ದು 2014ರ ಅಕ್ಟೋಬರ್ 6ರಂದು. ಇಂದಿಗೂ ಸೇಲ್‌ಗಳ ಕಾಲ ಅದೇ. ಅಂದರೆ ನಮ್ಮ ಕೈ ಖಾಲಿ ಇರುವಾಗಲೇ ಆಫರ್ ಬರುತ್ತದೆ. ಊರಿನ ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟರೆ ರಾಶಿಯಾಗುವ ತನಕ ತಡೆದುಕೊಳ್ಳುತ್ತಾರೆ. ಮಳೆ ಕೈಕೊಟ್ಟದ್ದು ಅವರಿಗೂ ಗೊತ್ತಿರುತ್ತದೆ. ಕಾರ್ಡಿನ ಬಿಲ್ಲಿಗೆ ಮಳೆಯೂ ಗೊತ್ತಿಲ್ಲ, ರಾಶಿಯೂ ಗೊತ್ತಿಲ್ಲ. ಕೊನೆಯ ದಿನಾಂಕದೊಳಗೆ ಪೂರ್ತಿ ಕಟ್ಟದಿದ್ದರೆ ಖರೀದಿಸಿದ ದಿನದಿಂದಲೇ ಬಡ್ಡಿ ಹತ್ತುತ್ತದೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 40 ದಾಟಿತು. ಕಾರ್ಡಿನವರ ಕ್ರೆಡಿಟ್ ಸ್ಕೋರ್ ಕೂಡ ಇಳಿಯುತ್ತದೆ. ನಾಳೆ ಅವರೇ ಮನೆ ಕಟ್ಟಲು ಬ್ಯಾಂಕಿಗೆ ಹೋದಾಗ ನಾವು ತರಿಸಿದ ಬೂಟಿನ ಬಾಕಿ ಎದುರು ಬರುತ್ತದೆ.

"ಹಾಗಾದರೆ ನೋ ಕಾಸ್ಟ್ ಇಎಂಐ ತಗೊಂಡರಾಯಿತು, ಅದರಲ್ಲಿ ಬಡ್ಡಿ ಇಲ್ಲ" ಎನ್ನುವವರಿದ್ದಾರೆ. ಬಡ್ಡಿಯಿಂದ ದೂರವಿರಬೇಕೆಂದು ಚಿಕ್ಕಂದಿನಿಂದ ಕೇಳಿ ಬೆಳೆದ ನಮ್ಮಲ್ಲಿ ಅನೇಕರು ಈ ಹೆಸರನ್ನು ನಂಬುತ್ತಾರೆ. ಆದರೆ ಅಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಕಡಿಮೆ ಮಾಡಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಮ್ಮ ತಲೆಗೆ. ಸಂಸ್ಕರಣಾ ಶುಲ್ಕವಿದ್ದರೆ ಅದೂ ನಮ್ಮದೇ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಶುಲ್ಕದ ರೂಪದಲ್ಲಿ ಮರೆಮಾಚಿ ವಸೂಲು ಮಾಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಎಚ್ಚರಿಸಿತ್ತು.

ಆನ್‌ಲೈನ್ ಖರೀದಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಲ್ಲಿ ಸಿಗದ ಸಿಇಟಿ, ನೀಟ್ ಪುಸ್ತಕಕ್ಕಾಗಿ ಕಲಬುರಗಿಗೆ ಹೋಗಿಬಂದರೆ ಒಂದು ದಿನದ ತರಗತಿ ತಪ್ಪುತ್ತದೆ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಚಾರ್ಜು ಉಳಿದಿದೆ, ಹುಡುಗರಿಗೆ ಅದೂ ಇಲ್ಲ. ಅಂಥ ಸಾಮಾನನ್ನು ನಾಲ್ಕೈದು ಮಂದಿ ಸೇರಿ, ರೊಕ್ಕ ಮೊದಲೇ ಕೂಡಿಸಿ, ಒಂದೇ ಆರ್ಡರಿನಲ್ಲಿ ತರಿಸಿದರೆ ಡೆಲಿವರಿ ಶುಲ್ಕ ಹಂಚಿಹೋಗುತ್ತದೆ, ಕನಿಷ್ಠ ಖರೀದಿಯ ಷರತ್ತೂ ಬೇಡದ ಸಾಮಾನಿಲ್ಲದೆ ಪೂರೈಸುತ್ತದೆ. ಮನೆಯವರ ಯುಪಿಐನಿಂದ ಅವರಿಗೆ ತಿಳಿಸಿಯೇ ಕೊಡಬಹುದು. ಅಲ್ಲಿರುವ ಕೂಪನ್, ಪಾಯಿಂಟ್ ಎಲ್ಲವನ್ನೂ ಧಾರಾಳವಾಗಿ ಬಳಸಿ. "ಕ್ಯಾಶ್‌ಬ್ಯಾಕ್ ಬರಬೇಕಾದರೆ ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ; ಯುಪಿಐನಲ್ಲಿ ಪಿನ್ ಬೇಕಾಗುವುದು ರೊಕ್ಕ ಕೊಡುವಾಗ, ಪಡೆಯುವಾಗ ಅಲ್ಲ.

ಉಪನ್ಯಾಸಕರಲ್ಲೂ ಒಂದು ವಿನಂತಿ. ಸೇಲ್ ಬಂದಾಗ ನಾವು "ಸರ್, ನಿಮ್ಮ ಕಾರ್ಡಿನ ಮ್ಯಾಲೆ ಆಫರ್ ಐತ್ರಿ" ಎಂದು ಬರುತ್ತೇವೆ. ನಮ್ಮ ಮುಖ ನೋಡಿ ಇಲ್ಲವೆನ್ನಲು ನಿಮಗೆ ಸಂಕೋಚವಾಗುತ್ತದೆಂದು ಗೊತ್ತು. ಆದರೂ ಇಲ್ಲವೆನ್ನಿ. ಅದರ ಬದಲು ದಸರಾ ರಜೆಗೆ ಮೊದಲು ವಾಣಿಜ್ಯ ವಿಭಾಗದಿಂದ ಒಂದು ತಾಸು ಎಲ್ಲ ತರಗತಿಯವರನ್ನೂ ಕೂಡಿಸಿ, ಮೇಲಿನ ಬ್ಯಾಗಿನ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ.