ಅಗ್ಗದ ಪದವಿಗೆ ಅಳತೆಗೋಲು ಯಾವುದು?

ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳಿಗೆ ವರ್ಷದಲ್ಲಿ ಎರಡು ಬಾರಿ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ, ಪ್ರವೇಶ ನಡೆಯುತ್ತದೆ. ಆ ದಿನಗಳಲ್ಲಿ ನನ್ನಂತಹ ನಿವೃತ್ತ ಅಧಿಕಾರಿಯನ್ನು ಪರಿಚಿತರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಅರ್ಧಕ್ಕೆ ನಿಂತ ಪದವಿಯನ್ನು ಮುಗಿಸಲು ಎಲ್ಲಿ ಕಡಿಮೆ ಶುಲ್ಕ? ಪ್ರಶ್ನೆ ಸಹಜವಾದುದು. ಆದರೆ ಶುಲ್ಕವೆಂಬುದು ಪ್ರವೇಶದ ಬೆಲೆಯೇ ಹೊರತು ಪದವಿಯ ಬೆಲೆಯಲ್ಲ. ಪದವಿ ಕೈಗೆ ಬಾರದಿದ್ದರೆ, ಕಟ್ಟಿದ ಹಣ ಎಷ್ಟೇ ಕಡಿಮೆಯಿರಲಿ, ಅದು ದುಬಾರಿಯೇ. ಈ ವ್ಯತ್ಯಾಸಕ್ಕೆ ವಿದ್ಯಾರ್ಥಿಗಳೂ ಗಮನ ಕೊಡುತ್ತಿಲ್ಲ, ಆಡಳಿತವೂ ಕೊಡುತ್ತಿಲ್ಲ ಎಂಬುದು ನನ್ನ ಆತಂಕ.

ಪದವಿಯನ್ನು ನಡುವೆ ಬಿಟ್ಟವರು ಯಾರು? ತಂದೆ ತೀರಿಕೊಂಡಾಗ ದುಡಿಮೆಗೆ ಇಳಿದ ಹಿರಿಯ ಮಗ, ಎರಡನೇ ವರ್ಷ ಓದುತ್ತಿರುವಾಗಲೇ ಮದುವೆಯಾದ ಹೆಣ್ಣುಮಗಳು, ಪಿಯುಸಿ ಆಧಾರದ ಮೇಲೆ ಸರ್ಕಾರಿ ಕೆಲಸಕ್ಕೆ ಸೇರಿದ ಗುಮಾಸ್ತ. ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೆ ಪಿಯುಸಿ ಸಾಕು. ಪ್ರಥಮ ದರ್ಜೆ ಸಹಾಯಕನ ನೇರ ನೇಮಕಾತಿಗೆ ಪದವಿ ಬೇಕು. ಪೊಲೀಸ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಸಬ್ ಇನ್‌ಸ್ಪೆಕ್ಟರ್‌ಗೆ ಪದವಿ. ಕಡತದ ವಿಷಯವನ್ನು ಮೇಲಧಿಕಾರಿಗಿಂತ ಚೆನ್ನಾಗಿ ಬಲ್ಲವರು ಈ ಒಂದು ಕಾಗದವಿಲ್ಲದೆ ಅದೇ ಮೇಜಿನಲ್ಲಿ ಕುಳಿತು ನಿವೃತ್ತರಾದುದನ್ನು ಸೇವಾವಧಿಯಲ್ಲಿ ನಾನು ಕಂಡಿದ್ದೇನೆ. ಇಂಥವರಿಗೆ ಪದವಿ ಅಲಂಕಾರವಲ್ಲ, ಮುಂದಿನ ಮೆಟ್ಟಿಲು.

ಇವರ ಸಂಖ್ಯೆಯೂ ಸಣ್ಣದಲ್ಲ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ, 2020–21ರಲ್ಲಿ ದೇಶದಲ್ಲಿ ಉನ್ನತ ಶಿಕ್ಷಣಕ್ಕೆ ದಾಖಲಾಗಿದ್ದವರು ಸುಮಾರು 4.14 ಕೋಟಿ. ಅವರಲ್ಲಿ 45.71 ಲಕ್ಷ ಮಂದಿ ದೂರಶಿಕ್ಷಣದಲ್ಲಿದ್ದರು. ಅಂದರೆ ಒಂಬತ್ತು ಜನರಲ್ಲಿ ಒಬ್ಬರು. ಇವರಲ್ಲಿ ಪದವಿಯನ್ನು ನಡುವೆ ಬಿಟ್ಟು ಮರಳಿ ಬಂದವರೂ ಸೇರಿದ್ದಾರೆ.

ಕರ್ನಾಟಕದ ವಿದ್ಯಾರ್ಥಿಯ ಮುಂದೆ ಇಂದು ಮುಖ್ಯವಾಗಿ ಮೂರು ಹಾದಿಗಳಿವೆ. ಮೊದಲನೆಯದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಈ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಪರೀಕ್ಷೆ ಬರೆಯಬಹುದೆಂಬುದು ಇದರ ದೊಡ್ಡ ಅನುಕೂಲ. ಎರಡನೆಯದು 1985ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ. ಈ ಎರಡರಲ್ಲೂ ಬಿ.ಎ.ಯಂತಹ ಪದವಿಗೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳಷ್ಟೇ ಶುಲ್ಕ. ಮೂರನೆಯದು ಖಾಸಗಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಪದವಿಗಳು. ಇವುಗಳಲ್ಲಿ ಅನೇಕ ಕಡೆ ಒಟ್ಟು ಶುಲ್ಕ ಒಂದು ಲಕ್ಷವನ್ನು ದಾಟುತ್ತದೆ. ಬೋಧನೆ ಬಹುಪಾಲು ಇಂಗ್ಲಿಷ್‌ನಲ್ಲಿ.

ಹಾದಿ ಯಾವುದೇ ಇರಲಿ, ಮೊದಲು ನೋಡಬೇಕಾದುದು ಮಾನ್ಯತೆ. ಯುಜಿಸಿಯ 2020ರ ನಿಯಮಾವಳಿಯಂತೆ, ಮಾನ್ಯತೆ ಪಡೆದ ಸಂಸ್ಥೆಯ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆ ವಿಶ್ವವಿದ್ಯಾಲಯದ ಹೆಸರಿಗೆ ಮಾತ್ರವಲ್ಲ, ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ಅವಧಿಗೆ ಇರಬೇಕು. ದೂರಶಿಕ್ಷಣಕ್ಕೆ ವಿಶ್ವವಿದ್ಯಾಲಯದ ಭೌಗೋಳಿಕ ವ್ಯಾಪ್ತಿಯ ಮಿತಿ ಅನ್ವಯಿಸುತ್ತದೆ. ಆನ್‌ಲೈನ್ ಪದವಿಗೆ ಆ ಮಿತಿಯಿಲ್ಲ. ಮಧ್ಯವರ್ತಿ ಸಂಸ್ಥೆಗಳಿಗೆ ಗುತ್ತಿಗೆಯ ರೀತಿಯಲ್ಲಿ ಪದವಿ ನಡೆಸಲು ಬಿಡುವುದು ನಿಷಿದ್ಧ. ಶಿಕ್ಷಣ ತಂತ್ರಜ್ಞಾನ ಕಂಪನಿಗಳ ವಿಷಯದಲ್ಲಿ ಯುಜಿಸಿ 2022ರ ಜನವರಿಯಲ್ಲಿ ಈ ಎಚ್ಚರಿಕೆಯನ್ನು ನೀಡಿತು.

ಇದು ಬರೀ ಕಾಗದದ ಎಚ್ಚರಿಕೆಯಲ್ಲ ಎಂಬುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ರಾಜ್ಯದ ಗಡಿಯಾಚೆಗೆ ಹಾಗೂ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳನ್ನು ನಡೆಸಿದ ಕಾರಣಕ್ಕೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯುಜಿಸಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಆಡಳಿತದ ತೀರ್ಮಾನಗಳ ಹೊರೆಯನ್ನು ಹೊತ್ತವರು ಆ ನಡುವಿನ ವರ್ಷಗಳಲ್ಲಿ ಓದಿದ್ದ ವಿದ್ಯಾರ್ಥಿಗಳು. ಅಂದು ಅವರು ಕಟ್ಟಿದ್ದ ಶುಲ್ಕ ಕಡಿಮೆಯೇ ಇತ್ತು. ಆದರೆ ಅರ್ಜಿ ತಿರಸ್ಕೃತವಾದ ಹುದ್ದೆಯ ಬೆಲೆಯನ್ನು ಯಾವ ಶುಲ್ಕಪಟ್ಟಿ ತೋರಿಸೀತು?

ಮಾನ್ಯತೆಯ ನಂತರ ಬರುವುದು ನಿಜವಾದ ವೆಚ್ಚದ ಪ್ರಶ್ನೆ. ವಾರ್ಷಿಕ ಶುಲ್ಕದ ಜೊತೆಗೆ ಪರೀಕ್ಷಾ ಶುಲ್ಕವಿದೆ. ಇಗ್ನೊದಲ್ಲಿ ಅದು ಪ್ರತಿ ವಿಷಯಕ್ಕೂ ಪ್ರತ್ಯೇಕ. ಸಂಪರ್ಕ ತರಗತಿಗಾಗಲಿ ಪರೀಕ್ಷಾ ಕೇಂದ್ರಕ್ಕಾಗಲಿ ಹೋಗಿಬರುವ ಖರ್ಚು, ಕಳೆದುಕೊಂಡ ದಿನಗೂಲಿ ಅಥವಾ ರಜೆ ಇವೆ. ಅನುತ್ತೀರ್ಣರಾದರೆ ಮತ್ತೆ ಶುಲ್ಕ. ಮೂರು ವರ್ಷದ ಬಿ.ಎ.ಯನ್ನು ಇಗ್ನೊದಲ್ಲಿ ಆರು ವರ್ಷದವರೆಗೆ ಮುಗಿಸಲು ಅವಕಾಶವಿದೆ. ದುಡಿಯುವವರಿಗೆ ಇದು ವರವೆಂಬುದು ನಿಜ. ಆದರೆ ಮೂರು ವರ್ಷ ತಡವಾದ ಪದವಿ ಎಂದರೆ ಮೂರು ವರ್ಷ ತಡವಾದ ಸಂಬಳ. ನೇಮಕಾತಿಯ ವಯೋಮಿತಿಯೂ ಯಾರಿಗಾಗಿಯೂ ಕಾಯುವುದಿಲ್ಲ.

ಒಂದು ಸರಳ ಲೆಕ್ಕವನ್ನು ಊಹಿಸಿಕೊಳ್ಳೋಣ. ಒಂದು ಸಂಸ್ಥೆಯ ಒಟ್ಟು ಶುಲ್ಕ 20 ಸಾವಿರ ರೂಪಾಯಿ, ಅಲ್ಲಿ ಸೇರಿದ ನೂರರಲ್ಲಿ 20 ಮಂದಿ ಪದವಿ ಮುಗಿಸುತ್ತಾರೆ ಎನ್ನಿ. ಇನ್ನೊಂದರ ಶುಲ್ಕ 60 ಸಾವಿರ, ಮುಗಿಸುವವರು 75. ಸೇರಿದವರೆಲ್ಲರೂ ಪೂರ್ತಿ ಹಣ ಕಟ್ಟಿದರೆ, ಕೈಗೆ ಬಂದ ಪ್ರತಿ ಪದವಿಗೆ ಮೊದಲನೆಯದರಲ್ಲಿ ಒಂದು ಲಕ್ಷ ರೂಪಾಯಿ, ಎರಡನೆಯದರಲ್ಲಿ 80 ಸಾವಿರ ಖರ್ಚಾದಂತಾಯಿತು. ನಡುವೆ ಬಿಟ್ಟವರು ಪೂರ್ತಿ ಹಣ ಕಟ್ಟಿರುವುದಿಲ್ಲವಾದ್ದರಿಂದ ವಾಸ್ತವದ ಅಂತರ ಬೇರೆಯಾದೀತು. ಆದರೂ ಅಗ್ಗವೆಂದು ಕಂಡದ್ದು ಅಗ್ಗವಾಗಿರಲೇಬೇಕಿಲ್ಲ ಎಂಬುದಂತೂ ಸ್ಪಷ್ಟ. ದುಬಾರಿ ಸಂಸ್ಥೆಯಲ್ಲಿ ಹೆಚ್ಚು ಜನ ಮುಗಿಸುತ್ತಾರೆಂದು ನಾನು ಹೇಳುತ್ತಿಲ್ಲ. ಎಷ್ಟು ಜನ ಮುಗಿಸುತ್ತಾರೆ ಎಂಬ ಅಂಕಿ ಇಲ್ಲದೆ ಹೋಲಿಕೆಯೇ ಸಾಧ್ಯವಿಲ್ಲ ಎನ್ನುತ್ತಿದ್ದೇನೆ. ನಾನು ತಿರುವಿ ಹಾಕಿದ ಪ್ರವೇಶ ಕೈಪಿಡಿಗಳಲ್ಲಿ ಶುಲ್ಕದ ಪಟ್ಟಿಯಿತ್ತು, ಕುಲಪತಿಗಳ ಸಂದೇಶವಿತ್ತು. ಈ ಅಂಕಿ ಮಾತ್ರ ಇರಲಿಲ್ಲ.

ಎರಡನೆಯ ತೊಡಕು, ಈಗಾಗಲೇ ಓದಿದ್ದಕ್ಕೆ ಬೆಲೆ ಸಿಗದಿರುವುದು. ಎರಡು ವರ್ಷದ ಪರೀಕ್ಷೆಗಳನ್ನು ಪಾಸು ಮಾಡಿ ಬಿಟ್ಟವರು ಮತ್ತೆ ಮೊದಲನೇ ವರ್ಷದಿಂದ ಆರಂಭಿಸಬೇಕಾಗಿ ಬಂದರೆ, ಅದಕ್ಕಿಂತ ದೊಡ್ಡ ಅಪವ್ಯಯ ಯಾವುದಿದೆ? ಇದಕ್ಕೆ ಪರಿಹಾರವೆಂದೇ 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ವ್ಯವಸ್ಥೆ ಬಂತು. ಒಂದು ವಿಶ್ವವಿದ್ಯಾಲಯದಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಮಾಡಿಟ್ಟು ಇನ್ನೊಂದರಲ್ಲಿ ಬಳಸಬಹುದೆಂಬುದು ಅದರ ಆಶಯ. ಆಶಯ ಒಳ್ಳೆಯದು. ಆದರೆ ನಿಯಮದ ಪ್ರಕಾರ ಜಮೆಗೆ ಅರ್ಹವಾಗುವುದು 2021–22 ಹಾಗೂ ಆನಂತರ ಗಳಿಸಿದ ಕ್ರೆಡಿಟ್‌ಗಳು ಮಾತ್ರ. ಅವುಗಳ ಆಯುಷ್ಯವೂ ಗರಿಷ್ಠ ಏಳು ವರ್ಷ. ಈ ಸೌಲಭ್ಯದ ಅಗತ್ಯ ಯಾರಿಗೆ ಅತಿ ಹೆಚ್ಚಾಗಿತ್ತೋ, ಹತ್ತು ಹದಿನೈದು ವರ್ಷಗಳ ಹಿಂದೆ ಓದು ಬಿಟ್ಟ ಆ ಮೂವತ್ತೈದರ ಗೃಹಿಣಿ, ನಲವತ್ತರ ಗುಮಾಸ್ತ ಬಾಗಿಲ ಹೊರಗೇ ಉಳಿದರು.

ಹಳೆಯ ಪಠ್ಯಕ್ರಮಕ್ಕೂ ಇಂದಿನದಕ್ಕೂ ಹೊಂದಿಕೆಯಾಗುವುದಿಲ್ಲ, ಸಡಿಲ ಬಿಟ್ಟರೆ ಗುಣಮಟ್ಟ ಕುಸಿಯುತ್ತದೆ ಎಂಬ ಆಕ್ಷೇಪವಿದೆ. ವಿಜ್ಞಾನ, ಕಂಪ್ಯೂಟರ್ ವಿಷಯಗಳಲ್ಲಿ ಈ ಮಾತಿಗೆ ತೂಕವಿದೆ. ಆದರೆ ಕನ್ನಡ, ಇತಿಹಾಸ, ಅರ್ಥಶಾಸ್ತ್ರದ ಮೂಲಪಾಠಗಳು ಹದಿನೈದು ವರ್ಷದಲ್ಲಿ ನಿರುಪಯುಕ್ತವಾಗುವಷ್ಟು ಬದಲಾಗುವುದಿಲ್ಲ. ಅನುಮಾನವಿದ್ದರೆ ಒಂದು ಅರ್ಹತಾ ಪರೀಕ್ಷೆ ನಡೆಸಲಿ. ಗೊತ್ತಿದೆಯೇ ಎಂದು ಪರೀಕ್ಷಿಸುವುದಕ್ಕೆ ಮೂರು ವರ್ಷದ ಶುಲ್ಕ ಬೇಕಿಲ್ಲ.

ಆಗಬೇಕಾದ ಕೆಲಸಗಳು ಮೂರು. ಮೊದಲನೆಯದು, ಪ್ರತಿ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗೂ ಸೇರಿದವರೆಷ್ಟು, ಮೂರು ವರ್ಷದಲ್ಲಿ ಮುಗಿಸಿದವರೆಷ್ಟು, ಆರು ವರ್ಷದಲ್ಲಿ ಮುಗಿಸಿದವರೆಷ್ಟು ಎಂಬುದನ್ನು ಶುಲ್ಕದ ಪಕ್ಕದಲ್ಲೇ ಪ್ರಕಟಿಸುವುದನ್ನು ಯುಜಿಸಿ ಕಡ್ಡಾಯಗೊಳಿಸಬೇಕು. 2024ರಿಂದ ಇಂತಹ ಕೋರ್ಸಿಗೆ ಸೇರುವ ಪ್ರತಿ ವಿದ್ಯಾರ್ಥಿಗೂ ದೂರಶಿಕ್ಷಣ ಬ್ಯೂರೊದ ಗುರುತಿನ ಸಂಖ್ಯೆ ಕಡ್ಡಾಯವಾಗಿರುವುದರಿಂದ ಈ ಲೆಕ್ಕವಿಡುವುದು ಕಷ್ಟವಲ್ಲ. ಎರಡನೆಯದು, ಹಳೆಯ ಅಂಕಪಟ್ಟಿಗಳನ್ನು ಪರಿಗಣಿಸಲು ರಾಜ್ಯ ಸರ್ಕಾರ ತನ್ನ ವಿಶ್ವವಿದ್ಯಾಲಯಗಳಿಗೆ ಅನ್ವಯವಾಗುವ ಒಂದೇ ಬಗೆಯ ನಿಯಮ ರೂಪಿಸಬೇಕು. ಮೂರನೆಯದು, ಪದವಿ ಮುಗಿಸಿದ ನೌಕರರಿಗೆ ಆ ಶುಲ್ಕವನ್ನು ಸರ್ಕಾರ ಹಿಂತಿರುಗಿಸಬೇಕು. ಇದನ್ನು ದಾನವೆಂದು ಬಗೆಯಬೇಕಿಲ್ಲ. ಕಲಿತ ನೌಕರನಿಂದ ಇಲಾಖೆಗೂ ಲಾಭವಿದೆ.

ಇದೆಲ್ಲ ಆಗುವವರೆಗೆ, ಸೇರಲು ಹೊರಟವರು ಸಂಸ್ಥೆಯನ್ನು ನಾಲ್ಕು ಪ್ರಶ್ನೆ ಕೇಳಲಿ. ಈ ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆಯೇ? ಪರೀಕ್ಷಾ ಶುಲ್ಕವೂ ಸೇರಿ ಕೊನೆಯವರೆಗೆ ಒಟ್ಟು ಎಷ್ಟು? ನನ್ನ ಹಳೆಯ ಅಂಕಗಳಿಗೆ ಎಷ್ಟು ವಿನಾಯಿತಿ? ಕಳೆದ ಸಾಲಿನಲ್ಲಿ ಎಷ್ಟು ಜನ ಮುಗಿಸಿದರು? ಮೊದಲ ಪ್ರಶ್ನೆಗೆ ಉತ್ತರ ಯುಜಿಸಿಯ ಜಾಲತಾಣದಲ್ಲೂ ಸಿಗುತ್ತದೆ. ಉಳಿದ ಮೂರಕ್ಕೆ ಲಿಖಿತ ಉತ್ತರ ಕೊಡಲು ಹಿಂಜರಿಯುವ ಸಂಸ್ಥೆ ಎಷ್ಟೇ ಕಡಿಮೆ ಶುಲ್ಕ ಹೇಳಲಿ, ಅಲ್ಲಿ ಹಣ ಕಟ್ಟುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು.