ಬೂದಿ ಸಿಮೆಂಟಿಗೆ ಹತ್ತು ದಿನ ಕೊಡೋಣ

ನಮ್ಮ ಅಬ್ಬಾ ಗಾರೆ ಮೇಸ್ತ್ರಿ. ದೊಡ್ಡಬಳ್ಳಾಪುರದ ಸುತ್ತಮುತ್ತ ಇಪ್ಪತ್ತು ವರ್ಷದಿಂದ ಮನೆ ಕಟ್ಟುತ್ತಿದ್ದಾರೆ. ಮನೆ ಕಟ್ಟಿಸುವವರು ಅವರಿಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಮೇಸ್ತ್ರಿ, ಬೂದಿ ಬೆರೆಸಿದ ಸಿಮೆಂಟ್ ಬೇಡ, ಒರಿಜಿನಲ್ ಹಾಕಿ.” ಬೂದಿ ಎಂದರೆ ಕಲಬೆರಕೆ ಎಂದು ನಾನೂ ನಂಬಿದ್ದೆ. ಪ್ರಥಮ ಪಿಯುಸಿಯಲ್ಲಿ ಮೋಲ್ ಲೆಕ್ಕ ಕಲಿತ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಲೆಕ್ಕ ಸುಲಭ. 100 ಕೆಜಿ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಈ ಕಲ್ಲನ್ನು ಜೇಡಿಯೊಂದಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಮೆಂಟಿನ ಮೂಲವಾದ ಕ್ಲಿಂಕರ್ ಸಿಗುತ್ತದೆ. ಇಂಧನದ ಹೊಗೆ ಬೇರೆ. ಇಂಧನ ಬದಲಿಸಿದರೂ ಕಲ್ಲಿನೊಳಗಿನ ಅನಿಲ ಹೊರಬರಲೇಬೇಕು. ಆದ್ದರಿಂದ ಕ್ಲಿಂಕರನ್ನೇ ಕಡಿಮೆ ಬಳಸಬೇಕು.

ಅದರ ಜಾಗ ತುಂಬುವ ವಸ್ತು ನಮ್ಮ ರಾಜ್ಯದಲ್ಲೇ ಇದೆ. ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಸುಟ್ಟಾಗ ಹಾರುಬೂದಿ ಉಳಿಯುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕಬ್ಬಿಣ ಕರಗಿಸಿದಾಗ ಕಿಟ್ಟ, ಅಂದರೆ ಸ್ಲ್ಯಾಗ್, ಉಳಿಯುತ್ತದೆ. ಪಿಪಿಸಿ ಸಿಮೆಂಟಿನಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಇರಬಹುದು, ಪಿಎಸ್‌ಸಿಯಲ್ಲಿ 25ರಿಂದ 70 ಶೇಕಡಾ ಸ್ಲ್ಯಾಗ್ ಇರಬಹುದು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಇದು ಕಲಬೆರಕೆ ಹೇಗಾದೀತು? ಕನ್ನಂಬಾಡಿ ಕಟ್ಟೆ ಕಟ್ಟಿದ್ದೂ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ. ಅದು ಇಂದಿಗೂ ಕಾವೇರಿಯನ್ನು ತಡೆದು ನಿಂತಿದೆ.

ಹಾಗಾದರೆ ಜನರ ದೂರು ಸುಳ್ಳೇ? ಪೂರ್ತಿ ಸುಳ್ಳಲ್ಲ. ಸಿಮೆಂಟಿಗೆ ನೀರು ಸೇರಿದಾಗ ಹುಟ್ಟುವ ಸುಣ್ಣದೊಂದಿಗೆ ಬೂದಿಯಲ್ಲಿರುವ ಸಿಲಿಕಾ ನಿಧಾನವಾಗಿ ಬೆರೆತು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲ ವಾರ ಬಲ ಕಡಿಮೆ ಕಾಣುತ್ತದೆ, ಮುಂದೆ ಏರುತ್ತಾ ಹೋಗುತ್ತದೆ. ಆದರೆ ಅಷ್ಟೂ ದಿನ ಅದು ಒದ್ದೆಯಾಗಿರಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಸಾಕು, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಬೇಕು, ಒಣ ಬಿಸಿಲಿನಲ್ಲಿ 14 ದಿನ ಬೇಕು. ನಾವು ಮೂರನೇ ದಿನಕ್ಕೇ ಪೈಪ್ ಸುತ್ತಿಟ್ಟು, ಬಿರುಕು ಬಿಟ್ಟಾಗ ಬೂದಿಯನ್ನು ಬೈಯುತ್ತೇವೆ.

ಬೋರ್‌ವೆಲ್ ಬತ್ತಿ ಟ್ಯಾಂಕರ್ ತರಿಸುವ ನಮ್ಮ ತಾಲೂಕಿನಲ್ಲಿ ಹತ್ತು ದಿನ ನೀರು ಹಾಕುವುದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಅದಕ್ಕೆ ಅಬ್ಬಾ ಮಾಡುವ ಉಪಾಯವಿದೆ: ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಒದ್ದೆ ಗೋಣಿಚೀಲ ಸುತ್ತುವುದು. ಪೈಪ್ ಹಿಡಿದು ಹಾಯಿಸುವುದಕ್ಕಿಂತ ನೀರು ಉಳಿಯುತ್ತದೆ.

ಬೂದಿಗೆ ಉಪಯೋಗವಿದೆ ಎಂದು ಕಲ್ಲಿದ್ದಲು ಸುಡುತ್ತಲೇ ಇರೋಣ ಎಂದು ನಾನು ಹೇಳುತ್ತಿಲ್ಲ. ಈಗಾಗಲೇ ಗುಡ್ಡೆ ಬಿದ್ದಿರುವ ಬೂದಿ ರಾಯಚೂರಿನವರ ಗಾಳಿ, ನೀರಿಗೆ ಸೇರುವ ಬದಲು ನಮ್ಮ ಗೋಡೆಗೆ ಸೇರಲಿ ಎನ್ನುತ್ತಿದ್ದೇನೆ.

ದೇವನಹಳ್ಳಿಯಿಂದ ನೆಲಮಂಗಲದವರೆಗೆ ದಿನವೂ ಎಲ್ಲೋ ಒಂದು ಕಡೆ ಮನೆ ಏಳುತ್ತಿದೆ. ನಿಮ್ಮ ಮನೆಯಲ್ಲೂ ಕೆಲಸ ನಡೆಯುತ್ತಿದ್ದರೆ, ಗೆಳೆಯರೇ, ಸಿಮೆಂಟ್ ಚೀಲದ ಮೇಲೆ ಪಿಪಿಸಿ ಅಥವಾ ಪಿಎಸ್‌ಸಿ ಎಂದಿದೆಯೇ ನೋಡಿ. ಇದ್ದರೆ ಬೇಡ ಎನ್ನಬೇಡಿ. ಕಾಲೇಜಿಗೆ ಹೊರಡುವ ಮುನ್ನ ತಾರಸಿಗೆ ಹತ್ತಿ, ನೀರು ನಿಂತಿದೆಯೇ ನೋಡಿ ಬನ್ನಿ. ಹತ್ತು ದಿನ, ಅಷ್ಟೇ.