ಬಾಳೆನಾರಿನ ಪಾಠ

ಕಳೆದ ತಿಂಗಳು ಭಟ್ಕಳದ ಮನೆಗೆ ಹೋದಾಗ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ವಿಜ್ಞಾನದ ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಂದಿತ್ತಂತೆ. "ಪೇರಂಕೈಮ, ಕೋಲಂಕೈಮ, ಸ್ಕ್ಲೀರಂಕೈಮ... ಯಾವುದು ಎಂಥದು ಅಂತ ನೆನಪೇ ಉಳಿಯೂದಿಲ್ಲ ಮಾಮ. ಮುಂದೆ ನಂಗೆ ಸೈನ್ಸ್ ಬೇಡ" ಅಂದಳು.

ನನಗೂ ಉಳಿದಿರಲಿಲ್ಲ. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತು ಇಂಜಿನಿಯರ್ ಆದವನು ನಾನು. ಅವಳ ಜೊತೆ ಕೂತು ಆ ಪಾಠ ಮತ್ತೆ ಓದಿದೆ. ಆಮೇಲೆ ಪುಸ್ತಕ ಮುಚ್ಚಿಸಿ ಅಡುಗೆಮನೆಗೆ ಕರೆದುಕೊಂಡು ಹೋದೆ.

ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿ ಕೊಂಡ ಸಿಹಿ ಈರುಳ್ಳಿಯ ಗೊಂಚಲು ಅಲ್ಲಿ ನೇತಾಡುತ್ತಿತ್ತು. ಒಂದನ್ನು ಹೆಚ್ಚಿದೆವು. ಆ ರಸ ತುಂಬಿದ ಪದರಗಳಲ್ಲಿ ಬಹುಪಾಲು ಪೇರಂಕೈಮ: ತೆಳು ಗೋಡೆಯ ಜೀವಂತ ಕೋಶಗಳು, ನೀರು ಮತ್ತು ಆಹಾರ ಕೂಡಿಡುವ ಉಗ್ರಾಣ. ಇದೇ ಅಂಗಾಂಶದಲ್ಲಿ ಕೋಶಗಳ ನಡುವೆ ದೊಡ್ಡ ಗಾಳಿಗೂಡುಗಳಿದ್ದರೆ ಅದು ಏರಂಕೈಮ. ಹೊನ್ನಾವರದಲ್ಲಿ ಶರಾವತಿ ದಡದ ಕಾಂಡ್ಲಾ ಕಾಡಿನಲ್ಲಿ ಕೆಸರಿನಿಂದ ಮೇಲೆದ್ದ ಬೇರುಗಳನ್ನು ನೋಡಿದ್ದೀರಲ್ಲ? ಕೆಸರೊಳಗಿನ ಬೇರಿಗೆ ಉಸಿರು ಇಳಿಯುವುದು ಈ ಗಾಳಿಗೂಡುಗಳಿಂದಲೇ.

ಹಿತ್ತಲಿನ ಕುಂಬಳಬಳ್ಳಿಯ ಎಲೆತೊಟ್ಟನ್ನು ಅವಳೇ ಬಗ್ಗಿಸಿದಳು. ಬಾಗಿತು, ಮುರಿಯಲಿಲ್ಲ. ಸಿಪ್ಪೆಯ ಕೆಳಗಿರುವ ಕೋಲಂಕೈಮದ ಗುಣ ಅದು. ಈ ಕೋಶಗಳೂ ಜೀವಂತ. ಆದರೆ ಮೂಲೆಗಳಲ್ಲಿ ಗೋಡೆ ದಪ್ಪ. ಹಾಗಾಗಿ ಎಳೆಯ ಗಿಡಕ್ಕೆ ಆಸರೆಯೂ ಆಯ್ತು, ಬೆಳೆಯಲು ಅಡ್ಡಿಯೂ ಇಲ್ಲ.

ಮೂರನೆಯದು ಅಮ್ಮನ ಕೈಯಲ್ಲೇ ಇತ್ತು. ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಆ ನಾರಿಗೆ ಬಲ ಕೊಡುವುದು ಸ್ಕ್ಲೀರಂಕೈಮ. ಉದ್ದನೆಯ ಕೋಶಗಳು, ಬಲಿಯುತ್ತ ಗೋಡೆ ದಪ್ಪಗಾಗಿ, ಒಳಗಿನ ಜೀವ ಹೋಗಿ, ಗೋಡೆ ಮಾತ್ರ ಉಳಿಯುತ್ತದೆ. ತೆಂಗಿನ ನಾರೂ ಇದೇ.

"ಸತ್ತದ್ದು ಎಂಥ ಕೆಲ್ಸ ಮಾಡ್ತದೆ ಮಾಮ?"

"ಜಗ್ಗಿ ನೋಡು."

ಜಗ್ಗಿದಳು. ಬೆರಳು ಕೆಂಪಾಯಿತು, ನಾರು ತುಂಡಾಗಲಿಲ್ಲ.

ನನ್ನ ಕಾಲೇಜು ಫೀಸಿನಲ್ಲಿ ಅಮ್ಮ ಹೀಗೆ ಕಟ್ಟಿ ಮಾರಿದ ಮಲ್ಲಿಗೆಯ ದುಡ್ಡೂ ಇತ್ತು. ಎಷ್ಟೋ ಸಂಜೆ ಆ ನಾರನ್ನು ನೀರಲ್ಲಿ ನೆನೆಸಿ, ಸೀಳಿ ಕೊಟ್ಟವನು ನಾನೇ. ಆದರೂ ಸ್ಕ್ಲೀರಂಕೈಮಕ್ಕೆ ಉದಾಹರಣೆ ಕೇಳಿದಾಗ ಪುಸ್ತಕದಲ್ಲಿದ್ದದ್ದನ್ನೇ ಬರೆದು ಬಂದಿದ್ದೆ. ಮನೆಯ ಜಗಲಿ ನೆನಪಾಗಿರಲಿಲ್ಲ.

ಅವಳು ಮುಂದೆ ಸೈನ್ಸ್ ತಗೊಳ್ತಾಳೋ ಇಲ್ವೋ, ಅವಳಿಷ್ಟ. ಮೊನ್ನೆ ಫೋನ್ ಮಾಡಿದ್ದಳು. "ಮಾಮ, ತೆಂಗಿನ ಚಿಪ್ಪು ಯಾವುದರದ್ದು?"

"ನೀನೇ ಹೇಳು" ಅಂದೆ.

ಸರಿಯಾಗಿ ಹೇಳಿದಳು. ನಿಮ್ಮ ಮನೆಯ ಮಕ್ಕಳನ್ನೂ ಒಮ್ಮೆ ಹಿತ್ತಲಿಗೆ ಕರೆದುಕೊಂಡು ಹೋಗಿ.